ಒಳಗಿನಿಂದ ಕೆಮ್ಮು ಕೇಳಿಸಿತು ಅಂದೆಯಲ್ಲ, ಆ ಮನೆಯ ಬಗ್ಗೆ

ಹುಬ್ಬಳ್ಳಿ, 9 ಜೂನ್ 2021

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದ.

ಹಳ್ಳಿಯ ಕೊರೊನಾ ಡ್ಯೂಟಿಯಿಂದ ನೀನು ಮೊಬೈಲಿನಲ್ಲಿ ಕಳಿಸಿದ ಉದ್ದನೆಯ ಕಾಗದವನ್ನು ಮೂರು ಸಲ ಓದಿದೆ. ನಿನ್ನ ರೂಮು, ಊಟ, ಸಂಬಳದ ವಿಷಯ ನಿಮ್ಮಪ್ಪ ಹೇಳಿದ್ದಾನೆ, ಅದು ಇರಲಿ. ಒಂದು ಸಾಲು ಮಾತ್ರ ರಾತ್ರಿ ನಿದ್ದೆ ಮಾಡೋಕೆ ಬಿಡಲಿಲ್ಲ. "ನಮ್ಮ ಜೀಪು ಕಂಡರೆ ಜನ ಬಾಗಿಲು ಹಾಕಿಕೊಳ್ತಾರೆ ಅತ್ತೆ, ಅವರನ್ನು ಕಂಡರೆ ನನಗೆ ಅಸಹ್ಯ ಆಗೋಕೆ ಶುರುವಾಗಿದೆ, ಭಯ ಆಗ್ತಿದೆ" ಅಂತ ಬರೆದಿದ್ದೀಯ. ಗಂಡ ಊರಲ್ಲಿಲ್ಲ ಅಂತ ಆ ಹೆಂಗಸು ಹೇಳ್ತಿರುವಾಗಲೇ ಒಳಗಿನಿಂದ ಕೆಮ್ಮು ಕೇಳಿಸಿತಂತೆ.

ಸುಳ್ಳು ಹೇಳಿದ್ದಾಳೆ, ಹೌದು. ಹೊಸ್ತಿಲಲ್ಲಿ ಒಂದು ಎಮ್ಮೆ ಕಟ್ಟಿತ್ತು ಅಂತಲೂ ನೀನೇ ಬರೆದಿದ್ದೀಯ. ನನಗೆ ಆ ಎಮ್ಮೆಯದೇ ಯೋಚನೆ. ಹಳ್ಳಿಯಲ್ಲಿ ಸೋಂಕು ಬಂದವರು ಮನೆಯಲ್ಲಿ ಇರುವ ಹಾಗಿಲ್ಲ, ಕೋವಿಡ್ ಕೇರ್ ಸೆಂಟರಿಗೇ ಬರಬೇಕು ಅಂತ ಹೋದ ತಿಂಗಳು ಸರ್ಕಾರ ಹೇಳಿತು. ಒಂದೇ ಕೋಣೆಯ ಮನೆಯಲ್ಲಿ ರೋಗಿಯನ್ನು ಬೇರೆ ಇರಿಸೋದು ಎಲ್ಲಿ, ಅದೂ ಸರಿಯೇ. ಆದರೆ ಈಗ ಮೃಗಶಿರಾ ಮಳೆ ಹಿಡಿದಿದೆ. ಹೆಸರುಕಾಳು ಬಿತ್ತುವ ಹೊತ್ತು. ಹತ್ತು ದಿನ ಅಲ್ಲಿ ಮಲಗಿದರೆ ವರ್ಷದ ಕಾಳು ಹೋಯಿತು. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ ಅಂತಾರೆ. ಹೊಲಕ್ಕೆ ಹೋಗೋಕೆ ಆಗದವನ ಓಣಿಗೆ ಅದು ಹೇಗೆ ಬಂದೀತು?

ಜನ ಕಂಡದ್ದಾದರೂ ಏನು ಹೇಳು. ಹೋದ ವರ್ಷ ಬಳ್ಳಾರಿಯಲ್ಲಿ ಕೊರೊನಾದಿಂದ ಸತ್ತವರ ಹೆಣಗಳನ್ನು ಗುಂಡಿಗೆ ಎಸೆದದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದರು. ಬೆಂಗಳೂರಿನಲ್ಲಿ ಎರಡು ಮನೆಗಳ ಬಾಗಿಲಿಗೇ ತಗಡು ಹೊಡೆದರು. ಒಳಗೆ ಮಕ್ಕಳಿದ್ದರು, ವಯಸ್ಸಾದವರಿದ್ದರು. ಎರಡೂ ಕಡೆ ಅಧಿಕಾರಿಗಳು ಆಮೇಲೆ ಕ್ಷಮೆ ಕೇಳಿದರು ಅನ್ನು. ಆದರೆ ನಿನ್ನ ಹಳ್ಳಿಗೆ ಮುಟ್ಟಿದ್ದು ಆ ವಿಡಿಯೋ, ಕ್ಷಮೆ ಅಲ್ಲ.

ನಮ್ಮಜ್ಜಿ ಪ್ಲೇಗಿನ ಮಾತು ಹೇಳುತ್ತಿದ್ದಳು. 1898ರಲ್ಲಿ ಹುಬ್ಬಳ್ಳಿಗೂ ಅದು ಬಂದಿತ್ತು. ಆಗ ಇದು ಮುಂಬೈ ಸರ್ಕಾರದ ಸೀಮೆ. ಮನೆ ಹೊಕ್ಕು ಹುಡುಕೋದು, ರೋಗಿಯನ್ನು ಎತ್ತಿಕೊಂಡು ಹೋಗೋದು, ಮನೆಯವರನ್ನು ಬೇರೆ ಕ್ಯಾಂಪಿಗೆ ಹಾಕೋದು ನಡೆದಿತ್ತಂತೆ. ಹೆದರಿದವರು ಸತ್ತವರನ್ನೂ ಮುಚ್ಚಿಟ್ಟರಂತೆ. ಅದೇ ಊರಲ್ಲೇ ಹಾಫ್ಕಿನ್ ಸಾಹೇಬರ ಪ್ಲೇಗ್ ಲಸಿಕೆಯನ್ನು ಸಾವಿರಾರು ಜನ ಚುಚ್ಚಿಸಿಕೊಂಡರು. ಬರೀ ಮೂಢರಾಗಿದ್ದರೆ ತೋಳು ಒಡ್ಡುತ್ತಿದ್ದರಾ? ಆಗಿನ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲೂ ಹೊರಗೆ ತೆಗೆದರು ನೋಡು. ಕಾಯ್ದೆ ಹಳೆಯದು, ಬಾಗಿಲು ಹಾಕಿಕೊಳ್ಳುವುದೂ ಅಷ್ಟೇ ಹಳೆಯದು.

ಬಾಗಿಲು ಅಂದಾಗ ಒಂದು ಹೇಳಬೇಕು. ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ. ನಾನು ನರ್ಸಮ್ಮನಾಗಿ ಮೂರ‍್ನಾಲ್ಕು ವರ್ಷ ಆಗಿತ್ತು. ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಹೆಂಗಸೊಬ್ಬಳಿಗೆ ಟಿಬಿ. ಮಾತ್ರೆ ತೆಗೆದುಕೊಳ್ಳೋಕೆ ಬರೋದನ್ನು ನಿಲ್ಲಿಸಿದಳು. ಹುಡುಕಿಕೊಂಡು ಹೋದೆ. ಬಾಗಿಲು ತೆರೆಯಲಿಲ್ಲ. ನನಗೆ ಸಿಟ್ಟು, ಈಗ ನಿನಗೆ ಬರ್ತಿದೆಯಲ್ಲ, ಅದೇ ಸಿಟ್ಟು. ಬೀದಿಯಲ್ಲೇ ನಿಂತು ಗದರಿದೆ: ಟಿಬಿ ಇಟ್ಟುಕೊಂಡು ಊರಿಗೆಲ್ಲ ಹಂಚ್ತೀಯಾ ಅಂತ. ಮಾರನೇ ದಿನದಿಂದ ಖಾನಾವಳಿಯವನು ರೊಟ್ಟಿ ಒಯ್ಯಲಿಲ್ಲ. ಹದಿನೈದು ದಿನ ಬಿಟ್ಟು ಹೋದಾಗ ಬೀಗ. ಇಬ್ಬರು ಮಕ್ಕಳಿದ್ದರು. ಎಲ್ಲಿ ಹೋದರೋ, ಮಾತ್ರೆ ಮುಂದುವರಿಸಿದಳೋ, ಇವತ್ತಿಗೂ ತಿಳಿಯಲಿಲ್ಲ. ಆ ಓಣಿಯಲ್ಲಿ ಮುಂದೆ ಯಾರೂ ನನ್ನೆದುರು ಕೆಮ್ಮಲಿಲ್ಲ. ನನ್ನ ರಿಜಿಸ್ಟರ್‌ನಲ್ಲಿ ಆ ವರ್ಷ ಅಲ್ಲಿ ಕೇಸೇ ಇಲ್ಲ. ಮೇಲಿನವರು ಭೇಷ್ ಅಂದರು.

ಅದಕ್ಕೇ ನಿನ್ನ ಆ ಸಾಲು ಓದಿ ಎದೆ ಧಸಕ್ಕೆಂದಿತು. ಅಸಹ್ಯ ಅನ್ನೋದು ಮೊದಲು ಹಾಗೇ ಇರುತ್ತೆ ಪುಟ್ಟಿ, ಕೆಲಸದ ಮೇಲಿನ ಕಾಳಜಿಯ ಹಾಗೆ.

ಲಸಿಕೆಗೂ ಹಿಂದೇಟು ಹಾಕ್ತಾರೆ ಅಂತ ಬರೆದಿದ್ದೀಯ. ಇರಬಹುದು. ಆದರೆ 45ರ ಒಳಗಿನವರಿಗೆ ಅಂತ ಬಂದಾಗ ಪೇಟೆಯ ಹುಡುಗರು ಮೊಬೈಲಿನಲ್ಲಿ ಸ್ಲಾಟ್ ಹಿಡಿದು ಕಾರಿನಲ್ಲಿ ಹಳ್ಳಿಗೆ ಹೋಗಿ ಚುಚ್ಚಿಸಿಕೊಂಡು ಬಂದರಲ್ಲ. ನಮ್ಮ ಬೀದಿಯವರೇ ಇಬ್ಬರು ಹಾಗೆ ಹೋಗಿದ್ದರು. ಅಲ್ಲಿಯವರು ಕಟ್ಟೆಯ ಮೇಲೆ ಕೂತು ನೋಡಿದರು. ಪದೇ ಪದೇ ಕೈ ತೊಳಿ ಅನ್ನೋ ಮಾತೂ ಅಷ್ಟೇ. ಇಲ್ಲಿ ಎಷ್ಟೋ ಓಣಿಗಳಿಗೆ ನಲ್ಲಿ ನೀರು ಬರೋದು ವಾರಕ್ಕೊಮ್ಮೆ, ಕೆಲವು ಸಲ ಅದಕ್ಕೂ ತಡ.

ಏನು ಮಾಡು ಅಂತ ಹೇಳೋಕೆ ನನಗೆ ಹಕ್ಕಿಲ್ಲ, ನಿಮ್ಮ ನಿಯಮಗಳೂ ಗೊತ್ತಿಲ್ಲ. ಆಗೋದಿದ್ದರೆ ಜೀಪನ್ನು ಗುಡಿ ಹತ್ತಿರವೇ ಬಿಟ್ಟು ನಡೆದು ಹೋಗು. ಊರಿನ ಆಶಾ ಕಾರ್ಯಕರ್ತೆಯರು ಮೊದಲು ಹೋಗಲಿ, ಅವರಿಗೆ ಒಳಗಿನ ಸಂಗತಿ ಜಾಸ್ತಿ ಗೊತ್ತು. ಅವರ ಕಾಲಿಗೂ ಒಂದಿಷ್ಟು ವಿಶ್ರಾಂತಿ ಕೊಡು ಮತ್ತೆ, ಹೋದ ವರ್ಷ ತಿಂಗಳಿಗೆ ಹನ್ನೆರಡು ಸಾವಿರ ಕೊಡಿ ಅಂತ ಮುಷ್ಕರ ಮಾಡಿದವರು ಅವರು. ಹೆಸರನ್ನು ಬೀದಿಯಲ್ಲಿ ಕೂಗಬೇಡ. ಜ್ವರ ಇದೆಯಾ ಅಂತ ಕೇಳೋ ಮೊದಲು ಎಮ್ಮೆ ಯಾರು ಹಿಂಡ್ತಾರೆ ಅಂತ ಕೇಳು. ಇದು ವೈದ್ಯಶಾಸ್ತ್ರ ಅಲ್ಲ, ಗೊತ್ತು.

ಇನ್ನೊಂದು. ಏಪ್ರಿಲ್‌ನಲ್ಲಿ ನನಗೆ ಎರಡು ದಿನ ಜ್ವರ ಇತ್ತು. ಯಾರಿಗೂ ಹೇಳಲಿಲ್ಲ. ಕೆಲಸದಾಕೆಗೆ ಸುಮ್ನೆ, ಮೈಕೈ ನೋವು, ನಾಲ್ಕು ದಿನ ಬರಬೇಡ ಅಂದೆ. ಪಿಂಚಣಿ ಬರುತ್ತೆ, ಮೂರು ಕೋಣೆ ಇವೆ, ನನಗೇ ಅಷ್ಟು ಭಯ. ಹೊರಗೆ ಆಶಾ ಬಂದು ಕೂಗಿದಾಗ ಟಿವಿ ಸಣ್ಣ ಮಾಡಿ ಕೂತೆ.

ಆ ಮನೆಗೆ ಮತ್ತೆ ಹೋದರೆ ಬರಿ. ಎಮ್ಮೆ ಗಬ್ಬವೋ, ಹಾಲು ಕೊಡ್ತಿದೆಯೋ? ಪಕ್ಕದ ಮನೆಯವರು ಹತ್ತು ದಿನ ಹಿಂಡಿ ಕೊಡ್ತಾರಾ, ಕೇಳಿ ನೋಡು.

ನಿನ್ನ ಅತ್ತೆ