ಹತ್ತುಮೀನಿನ ದಾರಿ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಮ್ಮೂರ ಕೆರೆಬೇಟೆಯ ವಿಡಿಯೋ ನೋಡಿ "ನಿಮ್ಮ ಕೆರೆಯಲ್ಲಿ ಮೀನಿಗೇನು ಬರವಿಲ್ಲ ಬಿಡು ಮಾರಾಯ" ಎಂದು ಬರೆದಿದ್ದೆಯಲ್ಲ, ಮೊದಲ ಮಳೆಗೆ ತತ್ತಿಯಿಡಲು ಗದ್ದೆಗೆ ಹತ್ತಿ ಬರುವ ನಮ್ಮ ಹತ್ತುಮೀನುಗಳನ್ನು ನೆನೆದು ಆ ಒಂದು ಮಾತಿಗೆ ಬರೆದ ಉತ್ತರ ಈ ಪತ್ರ. ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬೇರೆ ಯಾವುದೋ ಕತೆ ತೆಗೆದು ಮಾತು ಎಲ್ಲಿಗೋ ಒಯ್ಯುತ್ತೀಯ. ಸೊರಬ, ಸಾಗರ, ಶಿಕಾರಿಪುರದ ಕಡೆಯ ಇನ್ನಷ್ಟು ಜನರೂ ಓದಲಿ ಎಂದು ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ನೀನು ನೋಡಿದ್ದು ಸುಳ್ಳಲ್ಲ. ಬೇಸಿಗೆಯಲ್ಲಿ ನೀರು ಸೊಂಟದ ಮಟ್ಟಕ್ಕೆ ಇಳಿದಾಗ ಊರಿನವರು ದಿನ ಗೊತ್ತು ಮಾಡಿದರು, ಮೀನಿನ ಮೇಲೆ ಕವುಚುವ ಬುಟ್ಟಿಯಾದ ಕೂಣಿಗಿಷ್ಟು ಎಂದು ಹಣ ಕಟ್ಟಿಸಿಕೊಂಡರು, ದೇವರಿಗೆ ಪೂಜೆಯಾಯಿತು, ಅಪ್ಪಣೆ ಸಿಕ್ಕಿದ ಕ್ಷಣಕ್ಕೆ ದಡದ ಸುತ್ತ ನಿಂತವರೆಲ್ಲ ಒಮ್ಮೆಗೇ ನೀರಿಗೆ ಬಿದ್ದರು. ಬಿದಿರಿನ ಕೂಣಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಇಳಿಸಿ ತಡಕಾಡುವಾಗಿನ ಆ ಉಸಿರು ಕಟ್ಟುವ ಸಂತೋಷವನ್ನು ನಿನಗೆ ನಾನು ವಿವರಿಸಬೇಕಾಗಿಲ್ಲ. ಕಣ್ಣಿಗೆ ಏನೂ ಕಾಣದು, ಗುರುತೆಲ್ಲ ಬೆರಳಿನದು. ಹುರುಪೆ ಒರಟಾಗಿ, ಮೈ ಅಗಲವಾಗಿ ಸಿಕ್ಕಿದರೆ ಕಾಟ್ಲಾ ಅಥವಾ ರೋಹು. ಲೋಳೆಲೋಳೆಯಾಗಿ ಜಾರಿ, ಮೀಸೆ ತಾಗಿದರೆ ಮುರುಗೋಡು. ಮೊಣಕೈವರೆಗೆ ಉರಿ ಹತ್ತಿಸಿ ಬಿಟ್ಟರೆ ಅದು ಚೇಳುಮೀನಿನ ಮುಳ್ಳು. ಅಷ್ಟು ಜನ ತುಳಿದು ನೀರು ರಾಡಿಯಾದ ಮೇಲೆ ಉಸಿರಾಡಲಾಗದೆ ಮೀನುಗಳೇ ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ. ಚೀಲಗಳು ತುಂಬಿದವು, ವಿಡಿಯೋದಲ್ಲಿ ಕಂಡ ಗದ್ದಲವೂ ಅದೇ.

ಆದರೆ ಈ ಸಲ ನಾನು ದಡದಲ್ಲಿ ನಿಂತು ಚೀಲಗಳ ಒಳಗೆ ಏನಿದೆ ಎಂದು ನೋಡುತ್ತ ಹೋದೆ. ಕಾಟ್ಲಾ, ರೋಹು, ಮೃಗಾಲ್, ಅಲ್ಲಲ್ಲಿ ಸಾಮಾನ್ಯ ಗೆಂಡೆ, ಬೇಡವೆಂದರೂ ಬರುವ ಜಿಲೇಬಿ ಮೀನು. ನಮ್ಮ ಕೆರೆಹಳ್ಳದ್ದೇ ಮೀನುಗಳಾದ ಮುರುಗೋಡು, ಕುಚ್ಚು, ಪಕ್ಕೆಗಳಲ್ಲಿ ಮುರುಗೋಡು ಒಂದೆರಡು ಚೀಲಗಳಲ್ಲಿತ್ತು. ಕುಚ್ಚು ಹುಡುಕಿದವರಿಗೆ ಮಾತ್ರ ಕಂಡಿತು. ಪಕ್ಕೆಯನ್ನಂತೂ ಯಾರೂ ಕೇಳಲೂ ಇಲ್ಲ. ತೂಕ ಹಾಕಿದರೆ ಕೆರೆ ಸಮೃದ್ಧವಾಗಿದೆ. ಆದರೆ ಆ ತೂಕದಲ್ಲಿ ಬಹುಪಾಲು ನಾವು ದುಡ್ಡು ಕೊಟ್ಟು ತಂದು ಬಿಟ್ಟ ಮರಿಗಳದ್ದೇ.

ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗೆಯ ಬಯಲಿನ ದೊಡ್ಡ ನದಿಗಳ ಮೀನು. ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದೇ ಕೆರೆಯಲ್ಲಿ ಮೂರೂ ಜಗಳವಿಲ್ಲದೆ ಬೆಳೆಯುತ್ತವೆ. ಅವು ಬೆಳೆಯುತ್ತವೆ, ಆದರೆ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಅವಕ್ಕೆ ಮಳೆಗಾಲದ ಹರಿಯುವ ಹೊಳೆ ಬೇಕು. 1957ರ ಜುಲೈ 10ರಂದು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಅವರು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಈ ಜಾತಿಯ ಮೀನುಗಳು ಮೊಟ್ಟೆಯಿಡುವಂತೆ ಮಾಡಿದ ಮೇಲೆಯೇ ದೇಶದ ಕೆರೆಕೆರೆಗೂ ಮರಿಗಳು ಸಿಗುವಂತಾದದ್ದು. ಅವರ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ, ಎಷ್ಟೋ ಬಡವರ ತಟ್ಟೆಗೆ ಮೀನು ಬಂದದ್ದು ಅದರಿಂದ. ಹಾಗಿದ್ದರೂ ಮರಿ ತರುವುದನ್ನು ಒಂದು ವರ್ಷ ನಿಲ್ಲಿಸಿದರೆ, ಮುಂದಿನ ಬೇಟೆಯ ಹೊತ್ತಿಗೆ ನಮ್ಮ ಚೀಲಗಳಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಿ ನೋಡು.

ಇಲ್ಲೇ ಹುಟ್ಟಿ ಇಲ್ಲೇ ಸಾಯುವ ಮೀನುಗಳ ಬದುಕು ಬೇರೆ. ಮೃಗಶಿರ, ಆರಿದ್ರದ ಮೊದಲ ಜೋರು ಮಳೆಗೆ ಹೊಸ ನೀರಿನ ವಾಸನೆ ಹಿಡಿದು ಕೆರೆಯಿಂದ ಮೇಲಿನ ಹಳ್ಳಕ್ಕೆ, ಕೆಳಗಿನ ಹೊಳೆಯಿಂದ ಕೋಡಿಗೆ, ಅಲ್ಲಿಂದ ಗದ್ದೆಗೆ ಹತ್ತಿ ಹೋಗುವ ಹತ್ತುಮೀನುಗಳನ್ನು ನಾವಿಬ್ಬರೂ ಕಂಡು ಬೆಳೆದವರು. ಅವುಗಳ ಹೊಟ್ಟೆ ತುಂಬ ತತ್ತಿ. ಪಕ್ಕೆ ಹುಲ್ಲಿನ ಬುಡಕ್ಕೆ ತತ್ತಿ ಅಂಟಿಸಿ ತನ್ನ ಪಾಡಿಗೆ ಹೋಗುತ್ತದೆ, ಮುರುಗೋಡು ಗದ್ದೆಯ ಕೆಸರಿನಲ್ಲಿ ಗುಂಡಿ ಮಾಡಿಕೊಳ್ಳುತ್ತದೆ. ಕುಚ್ಚಿನದು ಎಲ್ಲಕ್ಕಿಂತ ಚೆಂದ: ಮರಿಗಳು ಕುಂಕುಮ ಚೆಲ್ಲಿದಂತೆ ಒಂದೇ ಗುಂಪಾಗಿ ನೀರಿನ ಮೇಲೆ ತೇಲುತ್ತಿದ್ದರೆ, ತಂದೆತಾಯಿ ಎರಡೂ ಅದರ ಅಡಿಯಲ್ಲೇ ಕಾಯುತ್ತಿರುತ್ತವೆ. ಕಡ್ಡಿ ಅದ್ದಿದರೆ ಸಾಕು, ದೊಡ್ಡದು ಬಂದು ಕಚ್ಚುತ್ತದೆ. ಈಗಲೂ ಕೋಡಿಯ ಮಗ್ಗುಲಿಗೆ ಅಂಥ ಒಂದು ಗುಂಪು ಕಂಡರೆ ನಾನು ಕೆಲಸ ಬಿಟ್ಟು ಅಲ್ಲೇ ಕೂತುಬಿಡುತ್ತೇನೆ.

ಹಾಗಾದರೆ ಕೆರೆಯ ಮೀನು ಹುಟ್ಟುತ್ತಿದ್ದದ್ದು ಕೆರೆಯಲ್ಲಲ್ಲ, ಭತ್ತದ ಗದ್ದೆಯಲ್ಲಿ. ಗೊಬ್ಬರದ ಗದ್ದೆಯಲ್ಲಿ ಪಾದ ಮುಳುಗುವಷ್ಟು ನಿಂತ, ಬೆಚ್ಚಗಿನ ನೀರೇ ಅವುಗಳ ತೊಟ್ಟಿಲು. ಆ ಗದ್ದೆಗಳು ಇಂದು ಅಡಿಕೆ ತೋಟವಾಗಿವೆ, ಇಲ್ಲವೇ ಶುಂಠಿಗೆ ಗುತ್ತಿಗೆ ಹೋಗಿವೆ. ಭತ್ತಕ್ಕೆ ನೀರು ನಿಲ್ಲಬೇಕು. ಅಡಿಕೆಗೂ ಶುಂಠಿಗೂ ನೀರು ನಿಂತರೆ ಬೇರು, ಗೆಡ್ಡೆ ಕೊಳೆಯುತ್ತವೆ, ಅದಕ್ಕೆ ಆಳದ ಬಸಿಗಾಲುವೆ ತೆಗೆದು ನೀರನ್ನು ಆದಷ್ಟು ಬೇಗ ಓಡಿಸುತ್ತಾರೆ. ಹತ್ತಿ ಬಂದ ಮೀನಿಗೆ ತಂಗಲು ಜಾಗವೇ ಇರುವುದಿಲ್ಲ. ಇಷ್ಟರ ಮೇಲೆ ಕಳೆಗೆ, ಕೊಳೆಗೆ ಹೊಡೆದ ಔಷಧಿ ಅದೇ ಕಾಲುವೆಯಲ್ಲಿ ಇಳಿಯುತ್ತದೆ. ಮೀನು ಹಿಡಿಯಲು ನೀರಿಗೆ ವಿಷ ಹಾಕುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ, ಯಾರಾದರೂ ಹಳ್ಳಕ್ಕೆ ಕಾರೆಕಾಯಿ ಅರೆದು ಹಾಕಿದರೆ ಇಡೀ ಊರು ತಿರುಗಿ ಬೀಳುತ್ತದೆ. ಬಸಿಗಾಲುವೆಯಲ್ಲಿ ಬರುವುದಕ್ಕೆ ಮಾತ್ರ ಹೇಳುವವರು ಕೇಳುವವರು ಇಲ್ಲ.

ಯಾರನ್ನೂ ದೂರಲಾರೆ. ಭತ್ತ ಬೆಳೆದವನಿಗೆ ಕೂಲಿಯೂ ಗಿಟ್ಟದ ಲೆಕ್ಕ ನಿನಗೂ ಗೊತ್ತು. ಮಕ್ಕಳನ್ನು ಓದಿಸಲು ಅಡಿಕೆ ಹಾಕಿದವನಿಗೆ ಪಕ್ಕೆ ಮೀನಿನ ಸಂಸಾರದ ಚಿಂತೆ ಮಾಡು ಎನ್ನಲು ಬಾಯಿ ಬರುವುದಿಲ್ಲ. ಆದರೆ ನಷ್ಟವಾಗುತ್ತಿದೆ ಎಂದು ಕೂಡ ಹೇಳದೆ ಹೇಗಿರುವುದು? ವರ್ಷವರ್ಷವೂ ಮರಿ ಬಿಡುವುದರಿಂದ ನಷ್ಟ ಕಣ್ಣಿಗೇ ಬೀಳುತ್ತಿಲ್ಲ, ನನ್ನ ಕಳವಳವೆಲ್ಲ ಇದು. ಕೆರೆ ಬರಿದಾಗಿದ್ದರೆ ಊರು ಎಚ್ಚರಗೊಳ್ಳುತ್ತಿತ್ತು.

ಊರಲ್ಲೇ ಯಾಕೆ ಉಳಿದೆ ಎಂದು ನೀನು ಕೇಳಿದಾಗಲೆಲ್ಲ ಅಪ್ಪನಿಗೆ ವಯಸ್ಸಾಯಿತು, ತೋಟ ನೋಡುವವರಿಲ್ಲ ಎಂದಿದ್ದೇನೆ. ಅದೂ ನಿಜವೇ. ಆದರೆ ಅದಕ್ಕಿಂತ ದೊಡ್ಡ ಕಾರಣ ಈ ಕೆರೆ ಎಂಬುದನ್ನು ಯಾರಿಗೂ ಹೇಳಿಲ್ಲ, ಮನೆಯಲ್ಲೂ ಹೇಳಿಲ್ಲ. ಮೊದಲ ಮಳೆಯ ರಾತ್ರಿ ಬ್ಯಾಟರಿ ಹಿಡಿದು ಗದ್ದೆಯಂಚಿನಲ್ಲಿ ನಿಂತಾಗ, ಹೊಟ್ಟೆ ಎಳೆದುಕೊಂಡು ಹುಲ್ಲಿನ ನಡುವೆ ಮೇಲೇರುವ ಆ ಜೀವಗಳನ್ನು ನೋಡುತ್ತ, ನಾನು ಇರಬೇಕಾದ ಜಾಗ ಇದೇ ಎಂದು ಪ್ರತಿ ವರ್ಷ ಅನ್ನಿಸುತ್ತಿತ್ತು. ಹೋದ ಮಳೆಗಾಲದಲ್ಲಿ ಬಹಳ ಹೊತ್ತು ನಿಂತರೂ ಏನೂ ಹತ್ತಲಿಲ್ಲ. ಮನೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಅವೇ ಬಾರದಿದ್ದರೆ ನಾನು ಇಲ್ಲಿ ಯಾವುದಕ್ಕಾಗಿ ಇದ್ದೇನೆ ಎಂಬ ಭಯ ಆವತ್ತು ಹೊಕ್ಕದ್ದು ಇನ್ನೂ ಹೋಗಿಲ್ಲ.

ಸರಿ, ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ, ಇದನ್ನು ಓದಿ ನೀನು ರಾತ್ರೋರಾತ್ರಿ ಬಸ್ಸು ಹತ್ತಬೇಡ. ಕೆಲಸದ ಮಾತಿಗೆ ಬರುತ್ತೇನೆ. ಊರ ಸಮಿತಿಯ ಮುಂದೆ ಎರಡು ಬೇಡಿಕೆ ಇಡುವವನಿದ್ದೇನೆ. ಬೇಟೆಯ ದಿನ ತೂಬಿನ ಬಳಿಯ ಆಳದ ಗುಂಡಿಗೆ ಯಾರೂ ಕೂಣಿ ಹಾಕಬಾರದು, ತಾಯಿಮೀನು ಅಲ್ಲಿ ಉಳಿಯಲಿ. ಮೊದಲ ಏರು ಮುಗಿಯುವವರೆಗೆ ಕೋಡಿಗೆ ಅಡ್ಡಲಾಗಿ, ಏರಿ ಬರುವ ಮೀನು ಹಿಡಿಯುವ ಕೂಳಿ ಇಡಬಾರದು. ಕೆರೆಯ ಮೇಲಿನ ನಮ್ಮ ತುಂಡು ಗದ್ದೆಯಲ್ಲಿ ಭತ್ತವೇ ಇರಲಿ ಎಂದು ಅಪ್ಪನನ್ನು ಒಪ್ಪಿಸಿದ್ದಾಗಿದೆ. ಪಕ್ಕದ ಗದ್ದೆ ನಿನ್ನ ಭಾವನದು. ಅವನ ಬಳಿ ನೀನೇ ಮಾತಾಡಬೇಕು. ಮೃಗಶಿರ ಹಿಡಿದ ಮೇಲೆ ಒಂದು ವಾರ ರಜೆ ಹಾಕಿ ಬಾ. ಕೂಳಿ ಇಡಲು ಬರುವವರು ನಡುರಾತ್ರಿಯೇ ಬರುತ್ತಾರೆ, ಕೋಡಿಯ ಮೇಲೆ ಕಾವಲು ಕೂರಲು ನಿನ್ನ ಗಂಟಲಿನಷ್ಟು ದೊಡ್ಡ ಗಂಟಲು ಈ ಊರಲ್ಲಿ ಇನ್ಯಾರಿಗೂ ಇಲ್ಲ.

ನಿನ್ನ ಗೆಳೆಯ