ಸುಲ್ತಾನ್ ಬತ್ತೇರಿಯ ಕಥೆ ಹೇಳಲು ಒಬ್ಬರನ್ನು ಕೊಡಿ: ಸಂಸದರಿಗೊಂದು ಬಹಿರಂಗ ಪತ್ರ

ದಕ್ಷಿಣ ಕನ್ನಡದ ಮಾನ್ಯ ಸಂಸದರಿಗೆ ನಮಸ್ಕಾರ.

ಕಳೆದ ಭಾನುವಾರ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಮಂಗಳೂರಿನ ಬೋಳೂರಿನಲ್ಲಿ ಹೊಳೆಬದಿಗಿರುವ ಟಿಪ್ಪು ಕಾಲದ ಕಾವಲು ಬುರುಜು, ಸುಲ್ತಾನ್ ಬತ್ತೇರಿಗೆ ಹೋಗಿದ್ದೆ. ನಾನು ಉರ್ವದಲ್ಲೇ ಹುಟ್ಟಿ ಬೆಳೆದವಳು. ತಣ್ಣೀರುಬಾವಿಗೆ ದೋಣಿ ಹಿಡಿಯಲು ಎಷ್ಟು ಸಲ ಅದರ ಪಕ್ಕದಲ್ಲೇ ಹೋಗಿದ್ದೇನೋ, ಲೆಕ್ಕವಿಲ್ಲ. ಮೇಲೆ ಹತ್ತಿ ಮಾತ್ರ ಹದಿನೈದು ವರ್ಷವಾಗಿತ್ತು.

ಕಪ್ಪು ಕಲ್ಲಿನ ಮೆಟ್ಟಿಲು ಹತ್ತಿ ನಿಂತೆವು. ಸುತ್ತಲೂ ಗೋಡೆಯಲ್ಲಿ ಕಿಂಡಿಗಳು. ಮಗಳು ಒಂದು ಕಿಂಡಿಗೆ ಕೆನ್ನೆ ಒತ್ತಿ ನೋಡಿದಳು. ಹೊರಗೆ ಉರಿಬಿಸಿಲು, ಕಿಂಡಿಯ ಒಳಮೈ ತಣ್ಣಗೆ. "ಅಮ್ಮಾ, ಶತ್ರುಗಳ ಹಡಗು ಸಮುದ್ರದಿಂದ ಬರೋದು ಅಲ್ವಾ? ಇಲ್ಲಿ ಬರೀ ಹೊಳೆ ಕಾಣ್ತದೆ" ಎಂದಳು.

ನನಗೆ ಉತ್ತರ ಗೊತ್ತಿರಲಿಲ್ಲ. ಕೇಳೋಣ ಎಂದರೆ ಮೇಲೆ ಯಾರೂ ಇರಲಿಲ್ಲ. ಕೊನೆಗೆ ಹೇಳಿಕೊಟ್ಟವರು ಕೆಳಗೆ ಬಲೆ ಬಿಡಿಸುತ್ತಾ ಕೂತಿದ್ದ ಹಿರಿಯ ಮೀನುಗಾರರು. ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ಗೆರೆ ಎಳೆದರು. ಗುರುಪುರ ಹೊಳೆ ಇಲ್ಲಿ ನೇರವಾಗಿ ಕಡಲಿಗೆ ಬೀಳುವುದಿಲ್ಲ. ನಡುವೆ ತಣ್ಣೀರುಬಾವಿ, ಬೆಂಗ್ರೆಯ ಉದ್ದನೆಯ ಮರಳಿನ ಪಟ್ಟಿ ಅಡ್ಡ ಇದೆ. ಅದರ ಹಿಂದೆ ಹೊಳೆ ದಕ್ಷಿಣಕ್ಕೆ ಹರಿದು, ನೇತ್ರಾವತಿಯ ಜೊತೆ ಅಳಿವೆಯಲ್ಲಿ ಕಡಲು ಸೇರುತ್ತದೆ. ಹಡಗು ಒಳಗೆ ಬರಬೇಕಾದರೆ ಅಳಿವೆ ದಾಟಿ ಈ ಹೊಳೆಯಲ್ಲೇ ಮೇಲಕ್ಕೆ ಬರಬೇಕು. ಬಂದರೆ ಫಿರಂಗಿಯ ಬಾಯಿಗೇ. ಮಗಳು ಓಡಿಹೋಗಿ ಮತ್ತೆ ಮೆಟ್ಟಿಲು ಹತ್ತಿದಳು. ಈ ಸಲ ಒಂದು ಕಿಂಡಿಯನ್ನೂ ಬಿಡಲಿಲ್ಲ.

ಈ ಕಾವಲಿಗೆ ಕಾರಣವೂ ಇತ್ತು. 1763ರಲ್ಲಿ ಹೈದರಾಲಿ ಮಂಗಳೂರನ್ನು ಗೆದ್ದ. 1768ರಲ್ಲಿ ಮುಂಬೈಯಿಂದ ಹಡಗಿನಲ್ಲಿ ಬಂದ ಇಂಗ್ಲಿಷರು ಊರನ್ನೇ ಹಿಡಿದರು, ಆದರೆ ಹೆಚ್ಚು ದಿನ ಉಳಿಸಿಕೊಳ್ಳಲಾಗಲಿಲ್ಲ. 1783ರಲ್ಲಿ ಮತ್ತೆ ಹಿಡಿದರು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೋಟೆಯನ್ನು ಬಿಡಿಸಿಕೊಂಡ. 1784ರ ಮಾರ್ಚ್ 11ರಂದು ಇಬ್ಬರ ನಡುವೆ ಮಂಗಳೂರು ಒಪ್ಪಂದವಾಯಿತು. ಬತ್ತೇರಿ ಕಟ್ಟಿದ್ದೂ ಅದೇ 1784ರಲ್ಲಿ. ಸಂಧಿ ಆದ ವರ್ಷವೇ ಕಾವಲು ಬುರುಜು! ಮುತ್ತಿಗೆ ಕಂಡ ಆ ಕೋಟೆ ಇವತ್ತು ಇಲ್ಲ. ಬುರುಜು ಇದೆ, ಅದರ ಕೆಳಗೆ ಸಿಡಿಮದ್ದು ಇಡುತ್ತಿದ್ದ ಕೋಣೆಯೂ ಇದೆ.

ಇದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಅದು ಒಳ್ಳೆಯದೇ. ಕೇಂದ್ರದ ವಿಷಯವಾದ್ದರಿಂದಲೇ ನಿಮಗೆ ಬರೆಯುತ್ತಿದ್ದೇನೆ.

ಟಿಕೆಟ್ ಕೌಂಟರ್, ಲೈಟ್ ಶೋ ಏನೂ ಬೇಡ. ಶನಿವಾರ, ಭಾನುವಾರ ಸಂಜೆ ಎರಡು ಗಂಟೆ ಹೊತ್ತು ಅಲ್ಲಿ ನಿಂತು ಕನ್ನಡದಲ್ಲೂ ತುಳುವಿನಲ್ಲೂ ಕಥೆ ಹೇಳುವ ಒಬ್ಬರು ಬೇಕು. ಹೊಳೆಬದಿಯ ಜನರಿಗೇ ತರಬೇತಿ ಕೊಟ್ಟು, ಸಂಬಳ ಕೊಟ್ಟು ನೇಮಿಸಿ. ಹೊಳೆಯ ಸೆಳೆತ, ಅಳಿವೆಯ ಗುಣ ಅವರಿಗೆ ಗೊತ್ತಿರುವಷ್ಟು ಪುಸ್ತಕ ಓದಿದವರಿಗೂ ಗೊತ್ತಿರುವುದಿಲ್ಲ. ಜೊತೆಗೆ ಹೊಳೆ, ಮರಳು ಪಟ್ಟಿ, ಅಳಿವೆ ತೋರಿಸುವ ಒಂದು ನಕ್ಷೆ ಇಡಿಸಿ. ಮಕ್ಕಳ ಎತ್ತರಕ್ಕೆ ಇದ್ದರೆ ಸಾಕು. ದೊಡ್ಡವರು ಬಗ್ಗಿ ನೋಡುತ್ತೇವೆ.

ಇನ್ನೊಂದು ಮಾತು. ಕಲ್ಲಿನ ಸಂದಿಯಲ್ಲಿ ಒಂದು ಅಶ್ವತ್ಥದ ಗಿಡ ಕಂಡಿತು, ಸುಮಾರು ಬೆರಳುದ್ದ. ಮಳೆಗಾಲ ಶುರುವಾಗುವ ಮೊದಲು ಬೇರು ಸಮೇತ ತೆಗೆಸಿದರೆ ಸುಲಭ. ಆಮೇಲೆ ಕಲ್ಲೂ ಜೊತೆಗೆ ಬರುತ್ತದೆ.

ಮಂಗಳೂರಿನಲ್ಲಿ ಇರುವಾಗ ಒಂದು ಸಂಜೆ ಬಿಡುವು ಮಾಡಿಕೊಂಡು ಬನ್ನಿ. ದೋಣಿ ಸಿಗುವ ಜಾಗದಿಂದ ನಾಲ್ಕು ಹೆಜ್ಜೆ ಅಷ್ಟೇ. ಕಿಂಡಿಯಿಂದ ಏನು ಕಾಣುತ್ತದೆ ಎಂದು ನನ್ನ ಮಗಳೇ ನಿಮಗೆ ಹೇಳುತ್ತಾಳೆ.

ಇಂತಿ,
ಉರ್ವದ ಒಬ್ಬ ತಾಯಿ