ರೊಟ್ಟಿ ಕಾಯಲ್ಲ ದೋಸ್ತ

ಪ್ರೀತಿಯ ದೋಸ್ತ,

ನಿನ್ನ ಮೆಸೇಜು ನೋಡಿದೆ. ನಮ್ಮ ಉತ್ತರ ಕರ್ನಾಟಕದ ಮೂರು ದಿನದ ಊಟದ ಪ್ರವಾಸಕ್ಕೆ ಮನೆಮಂದಿ ಸಮೇತ ಹೆಸರು ಕೊಟ್ಟಿದ್ದೀಯ, ಖುಷಿಯಾಯಿತು. "ಏನು ತರಬೇಕು, ಖಾರ ಎಷ್ಟಿರತ್ತೆ, ಅನ್ನ ಸಿಗತ್ತಾ" ಅಂತ ಮೂರು ಪ್ರಶ್ನೆ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಜತೆಗೆ ಬರುವ ಉಳಿದವರಿಗೂ ಆಗಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಅನ್ನ ಸಿಗತ್ತೆ, ಹೆದರಬೇಡ. ಆದರೆ ರೊಟ್ಟಿ ಆದ ಮೇಲೆ, ಸಾರಿನ ಜತೆ, ಒಂದು ಹಿಡಿ. ಮೈಸೂರಿನ ಹೊಟ್ಟೆ ಅನ್ನಕ್ಕೆ ಜಾಗ ಇಟ್ಟುಕೊಂಡು ಕೂತರೆ ಈ ಕಡೆ ಉಪವಾಸ.

ಹುಬ್ಬಳ್ಳಿಗೆ ರಾತ್ರಿ ರೈಲಿಗೆ ಬರುತ್ತಿದ್ದೀಯಲ್ಲ, ದೊಡ್ಡ ಸೂಟ್‌ಕೇಸ್ ಬೇಡ, ಹೆಗಲಿಗೆ ಹಾಕುವ ಚೀಲ ತಾ. ಇಲ್ಲಿನ ಒಂದು ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. 2023ರಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದದ್ದು ಅಂತ ನಾವೆಲ್ಲ ಎದೆ ಉಬ್ಬಿಸಿದ್ದೆವು. ಕೊನೆಯ ಬೋಗಿಯಿಂದ ಇಳಿದು ಮಗುವನ್ನು ಎತ್ತಿಕೊಂಡು ನಡೆದವರಿಗೆ ಅದರ ಇನ್ನೊಂದು ಮುಖ ಗೊತ್ತು.

ಇನ್ನು ಮುಖ್ಯ ವಿಷಯ. ನಮ್ಮ ಪ್ರವಾಸದ ಹಾಳೆಯಲ್ಲಿ ಬರೆದ ವೇಳೆಯನ್ನು ಸುಮ್ನೆ ಬರೆದದ್ದು ಅಂದುಕೊಳ್ಳಬೇಡ. ನಾವು ತೋರಿಸುವ ತಿಂಡಿಗಳಲ್ಲಿ ಅರ್ಧದಷ್ಟು ಯಾರಿಗೂ ಕಾಯುವುದಿಲ್ಲ. ಗಿರ್ಮಿಟ್ ತಗೋ. ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆಹುಳಿ ಹಾಕಿ ಕುದಿಸಿದ ಒಗ್ಗರಣೆ ಕಲಸಿ, ಮೇಲೆ ಪುಠಾಣಿ, ಅಂದರೆ ನಿಮ್ಮ ಹುರಿಗಡಲೆ, ಹಿಟ್ಟು ಉದುರಿಸಿ ಕೈಗೆ ಕೊಡುತ್ತಾರೆ. ಆಗಲೇ ತಿನ್ನಬೇಕು. ಫೋಟೋ ತೆಗೆದು, ಸ್ಟೇಟಸ್ ಹಾಕಿ ತಿಂತೀನಿ ಅಂದರೆ ಪೊಟ್ಟಣದಲ್ಲಿ ಮೆತ್ತಗಿನ ಮುದ್ದೆ ಉಳಿದಿರುತ್ತದೆ. ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ ಇರುತ್ತದೆ. ಒಂದು ಸಾಕು. ಮಧ್ಯಾಹ್ನ ಖಾನಾವಳಿ ಇದೆ ಅನ್ನೋದು ನೆನಪಿರಲಿ.

ರೊಟ್ಟಿಯದೂ ಅದೇ ಕಥೆ. ನಿಮ್ಮ ಕಡೆ ರೊಟ್ಟಿ ತಟ್ಟುತ್ತೀರಿ, ನಮ್ಮ ಕಡೆ ಬಡಿಯುತ್ತಾರೆ. ಧಾರವಾಡದ ಖಾನಾವಳಿಯಲ್ಲಿ ಅಡುಗೆಮನೆ ಬಾಗಿಲಲ್ಲಿ ಐದು ನಿಮಿಷ ನಿಲ್ಲಿಸುತ್ತೇನೆ, ನೋಡು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ. ಅದಕ್ಕೇ ಕುದಿಯುವ ನೀರು ಹಾಕಿ, ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದುತ್ತಾರೆ. ಆಮೇಲೆ ಪಟಪಟ ಅಂತ ಬಡಿತ. ಬಡಿಯುತ್ತಾ ಬಡಿಯುತ್ತಾ ರೊಟ್ಟಿ ತಾನೇ ಸುತ್ತುತ್ತದೆ, ಅಂಚು ಎಲ್ಲೂ ಸೀಳುವುದಿಲ್ಲ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಸ್ವಲ್ಪ ಮುಂಚೆ ತಿರುವಿದರೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ. ಕಡೆಗೆ ಬೆಂಕಿಗೆ ಹಿಡಿದಾಗ ಬುಸ್ ಅಂತ ಉಬ್ಬುತ್ತದೆ. ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ನನ್ನ ಕೈಯಲ್ಲಿ ಈಗಲೂ ಭೂಪಟವೇ ಆಗುತ್ತದೆ.

ಆ ರೊಟ್ಟಿ ತಾಟಿಗೆ ಬಿದ್ದ ಕೂಡಲೇ ಮುರಿ. ಎಣ್ಣೆಗಾಯಿ, ಕಾಳುಪಲ್ಯ, ಕಡಲೆಹಿಟ್ಟಿನ ಜುಣಕ, ಗಟ್ಟಿ ಮೊಸರು, ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ ಎಲ್ಲ ಸುತ್ತ ಇರುತ್ತವೆ. ಮೊದಲ ರೊಟ್ಟಿಗೇ ಎಲ್ಲವನ್ನೂ ಖಾಲಿ ಮಾಡಬೇಡ. ತಾಟು ಖಾಲಿ ಇದ್ದರೆ ಬಡಿಸುವವರು ಕೇಳದೇ ಮತ್ತೆ ಹಾಕುತ್ತಾರೆ. "ಸಾಕು" ಅನ್ನುವ ಮಾತನ್ನು ಇಲ್ಲಿ ಯಾರೂ ನಂಬಲ್ಲ. ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರೆ ಸ್ವಲ್ಪ ನಂಬುತ್ತಾರೆ.

ಖಾರದ ವಿಷಯ. ಬಣ್ಣ ನೋಡಿ ಗಾಬರಿ ಬೀಳಬೇಡ. ಬ್ಯಾಡಗಿ ಮೆಣಸಿನಕಾಯಿಗೆ ಕೆಂಪು ಜಾಸ್ತಿ, ಉರಿ ಕಡಿಮೆ. ಕಣ್ಣಿಗೆ ಬೆಂಕಿಯ ಹಾಗೆ ಕಾಣುವ ಪಲ್ಯ ಬಾಯಿಗೆ ಅಷ್ಟಿರುವುದಿಲ್ಲ. ಎಚ್ಚರ ಬೇಕಾದ್ದು ಎರಡು ಕಡೆ. ಒಂದು, ಹಸಿ ಕೆಂಪು ಮೆಣಸಿನಕಾಯಿಯನ್ನು ಬೆಳ್ಳುಳ್ಳಿ ಜತೆ ಅರೆದ ರಂಜಕ. ಇನ್ನೊಂದು, ಮೊದಲ ರಾತ್ರಿಯ ಸಾವಜಿ ಊಟ. ಸಾವಜಿ ಅಂದರೆ ನೇಕಾರಿಕೆಯ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಮಟನ್ ಅಡುಗೆ. ಅದು ನಿಜಕ್ಕೂ ಉರಿ. ಉರಿ ಹತ್ತಿದರೆ ನೀರು ಕುಡಿಯಬೇಡ, ಖಾರ ನೀರಿನಲ್ಲಿ ಕರಗುವುದಿಲ್ಲ, ಬಾಯಿ ತುಂಬ ಹರಡುತ್ತದೆ ಅಷ್ಟೇ. ಮೊಸರು ತಿನ್ನು. ಮಾಂಸ ತಿನ್ನದವರಿಗೆ ಆ ರಾತ್ರಿ ಬೇರೆ ಖಾನಾವಳಿ ಇದೆ, ಮುಜುಗರ ಬೇಡ.

ಖಾರಕ್ಕಿಂತ ನನಗೆ ಚಿಂತೆ ಶೇಂಗಾದ್ದು. ನಿನ್ನ ಮಗನಿಗೆ ಕಡಲೆಕಾಯಿ ಆಗಲ್ಲ ಅಂತ ಎಂದೋ ಹೇಳಿದ ಹಾಗೆ ನೆನಪು. ಹೌದಾದರೆ ಇವತ್ತೇ ಫೋನ್ ಮಾಡು. ನಮ್ಮ ಕಡೆ ಶೇಂಗಾ ಬರೀ ಚಟ್ನಿಯಲ್ಲಿ ಇರಲ್ಲ. ಎಣ್ಣೆಗಾಯಿಯ ಹೊಟ್ಟೆಯಲ್ಲಿ ಇರುತ್ತದೆ, ಪಚ್ಚಡಿಯಲ್ಲಿ ಇರುತ್ತದೆ, ಹೋಳಿಗೆಯೊಳಗೂ ಬರುತ್ತದೆ, ಎಷ್ಟೋ ಕಡೆ ಒಗ್ಗರಣೆ ಎಣ್ಣೆಯೂ ಅದೇ. ತಾಟಿನಲ್ಲಿ ಹುಡುಕಿ ತೆಗೆದಿಡುವ ಪದಾರ್ಥ ಅಲ್ಲ. ಮೊದಲೇ ಗೊತ್ತಾದರೆ ಅವನಿಗೆ ಬೇರೆ ಪಾತ್ರೆಯಲ್ಲಿ ಮಾಡಿಸಬಹುದು, ಕೂತ ಮೇಲೆ ಹೇಳಿದರೆ ಆಗದು. ಬೆಳ್ಳುಳ್ಳಿ ತಿನ್ನದವರೂ ಹಾಗೇ ಮುಂಚೆ ಹೇಳಿ.

ಎರಡನೇ ದಿನ ಬಾದಾಮಿ. ಹುಬ್ಬಳ್ಳಿಯಿಂದ ನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಬೆಳಿಗ್ಗೆ ಬೇಗ ಹೊರಡುತ್ತೇವೆ, ರೂಮಿನಲ್ಲೇ ಎಲ್ಲ ಮುಗಿಸಿಕೊಂಡು ಗಾಡಿ ಹತ್ತಿ. ದಾರಿಯಲ್ಲಿ ಹೇಳಿಕೊಳ್ಳುವಂಥ ಶೌಚಾಲಯ ಕಡಿಮೆ, ಮುಚ್ಚಿಡುವುದೇಕೆ. ಮೊದಲು ಗುಹೆ ಹತ್ತಿಸುತ್ತೇನೆ. ಮೂರನೇ ಗುಹೆಯ ಶಾಸನ 578ರದ್ದು, ಅದು ಸರಿ, ಆದರೆ ನಿಜ ಹೇಳುತ್ತೇನೆ, ಆ ಮೆಟ್ಟಿಲು ಹತ್ತಿಸುವುದು ಹಸಿವಾಗಲಿ ಅಂತಲೂ ಹೌದು. ಅಲ್ಲಿ ಕೈಯಲ್ಲಿ ತಿನ್ನುವ ಪೊಟ್ಟಣ ಹಿಡಿಯಬೇಡ. ಕೋತಿಗಳು ನಿನಗಿಂತ ಚುರುಕು.

ಊಟ ಐದು ಕಿಲೋಮೀಟರ್ ಆಚೆ ಬನಶಂಕರಿಯಲ್ಲಿ. ಗುಡಿಯ ಎದುರು ಹೊಂಡದ ಹತ್ತಿರ ಸುತ್ತಲಿನ ಹಳ್ಳಿ ಹೆಂಗಸರು ಮನೆಯಲ್ಲಿ ಮಾಡಿದ್ದನ್ನು ಬುಟ್ಟಿ ತುಂಬಿ ತರುತ್ತಾರೆ. ರೊಟ್ಟಿ, ಬದನೆಕಾಯಿ ಪಲ್ಯ, ಕಾಳು, ಕೆಂಪು ಖಾರ, ಮಣ್ಣಿನ ಕುಡಿಕೆಯಲ್ಲಿ ಮೊಸರು. ನೆಲದ ಮೇಲೆ ಕೂತು, ರೊಟ್ಟಿಯನ್ನೇ ತಟ್ಟೆ ಮಾಡಿಕೊಂಡು ತಿನ್ನಬೇಕು. ಚಕ್ಕಳಮಕ್ಕಳ ಹಾಕಲು ಬರುವ ಸಡಿಲ ಬಟ್ಟೆ ಹಾಕಿಕೊಂಡು ಬಾ. ಹತ್ತು, ಇಪ್ಪತ್ತರ ನೋಟು ಜೇಬಿನಲ್ಲಿರಲಿ.

ಹೋದ ವರ್ಷ ಇಲ್ಲೇ ನನ್ನ ಮಾನ ಹೋದದ್ದು. ಗುಂಪಿನಲ್ಲಿ ಇಬ್ಬರು ದಾರಿಯಲ್ಲಿ ಸೀರೆ ಅಂಗಡಿ ಹೊಕ್ಕರು. ನಾನೂ ಸಂಕೋಚಕ್ಕೆ ಸುಮ್ಮನಿದ್ದೆ. ಬನಶಂಕರಿ ಮುಟ್ಟಿದಾಗ ಮೂರೂವರೆ. ಬುಟ್ಟಿಗಳೆಲ್ಲ ಎದ್ದು ಹೋಗಿದ್ದವು. ಒಬ್ಬ ಅಜ್ಜಿ ಮಾತ್ರ ಸೆರಗಿನಲ್ಲಿ ಚಿಲ್ಲರೆ ಕಟ್ಟಿಕೊಳ್ಳುತ್ತಾ ಕೂತಿದ್ದಳು. ಅವಳ ಹತ್ತಿರ ಉಳಿದದ್ದು ನಾಲ್ಕು ಕಡಕ್ ರೊಟ್ಟಿ, ಬಟ್ಟಲ ತಳಕ್ಕೆ ಅಂಟಿದ ಖಾರ. ನಾವು ಹನ್ನೊಂದು ಜನ. "ಇಷ್ಟೊತ್ತನಕ ಎಲ್ಲಿದ್ರಿ?" ಅಂತ ಅಜ್ಜಿ ಕೇಳಿದ್ದು ನನ್ನನ್ನು, ಸೀರೆ ತಗೊಂಡವರನ್ನಲ್ಲ. ನಾಲ್ಕನ್ನೂ ಮುರಿದು ಹಂಚಿದಳು, ದುಡ್ಡು ತಗೊಳ್ಳಲಿಲ್ಲ. ಅದಕ್ಕೇ ಈ ಸಲ ಹನ್ನೆರಡೂವರೆ ಅಂದರೆ ಹನ್ನೆರಡೂವರೆ. ನಿನ್ನ ಹೆಂಡತಿಗೆ ಇಳಕಲ್ ಸೀರೆ ಬೇಕಿದ್ದರೆ ಊಟ ಆದ ಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ.

ಮೂರನೇ ದಿನ ಐಹೊಳೆ ನೋಡಿ ಅಮೀನಗಡಕ್ಕೆ. ಕರದಂಟಿನ ಊರು. ಕರಿದ ಅಂಟಿಗೆ (ತಿನ್ನುವ ಗೋಂದು) ಬೆಲ್ಲದ ಪಾಕ, ಒಣಹಣ್ಣು ಸೇರಿದರೆ ಕರದಂಟು. ಊರಿಗೆ ಒಯ್ಯುವುದಿದ್ದರೆ ಇದನ್ನು ಒಯ್ಯಿ, ಜತೆಗೆ ಕಡಕ್ ರೊಟ್ಟಿ. ಇವು ಕೆಡುವುದಿಲ್ಲ. ಧಾರವಾಡದಲ್ಲಿ ಪೇಢೆಯನ್ನೂ ತಗೊಳ್ಳಬಹುದು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಶುರು ಮಾಡಿದ್ದು, ಈಗ ನಮ್ಮ ಊರಿನ ಹೆಸರೇ ಅದಕ್ಕೆ ಅಂಟಿದೆ. ಲೈನ್ ಬಜಾರಿನಲ್ಲಿ ಸಾಲು ಇದ್ದರೆ ನಾನು ನಿಲ್ಲುತ್ತೇನೆ, ನೀವು ಚಾ ಕುಡಿದು ಬನ್ನಿ. ಪೇಢೆ, ಕರದಂಟು ನಿಮ್ಮ ಖರ್ಚು. ಗಾಡಿ, ರೂಮು, ಮೂರು ದಿನದ ಊಟ ಕೊಟ್ಟ ದುಡ್ಡಿನಲ್ಲೇ ಸೇರಿವೆ.

ಅದೃಷ್ಟ ಇದ್ದರೆ ದಾರಿಯ ಹೊಲದಲ್ಲಿ ಸೀತನಿ ಸಿಗಬಹುದು, ಎಳೆ ಜೋಳದ ತೆನೆ ಸುಟ್ಟು ಉಜ್ಜಿ ಕೊಡುತ್ತಾರೆ. ಜನವರಿ ಕೊನೆ ಅಲ್ವಾ, ಹೊತ್ತು ಸರಿ ಇದೆ. ಹಾಳೆಯಲ್ಲಿ ಬರೆದಿಲ್ಲ, ಮಾತು ಕೊಡುವುದೂ ಇಲ್ಲ.

ಮಗನ ಶೇಂಗಾ ವಿಷಯ ಮರೆಯಬೇಡ. ಬರುವಾಗ ಒಂದು ಕಟ್ಟು ಮೈಸೂರು ಚಿಗುರೆಲೆ ತಾ. ಅಡಿಕೆ, ಸುಣ್ಣ ನನ್ನ ಹತ್ತಿರ ಇದೆ.

ನಿನ್ನ,
ಧಾರವಾಡದ ದೋಸ್ತ